ಎಕ್ಸ್‌ಟೆಂಡೆಡ್ ವಾರಂಟಿಲಿ ವಾಷಿಂಗ್ ಮಷಿನ್ ಬದಲಾಯಿಸಿಕೊಟ್ರು, ಹೆಂಗೆ ಅಂತ ಕೇಳಿ

ಮೊದಲೇ ಹೇಳ್ಬಿಡ್ತೀನಿ, ಹಾಕಿದ ದುಡ್ಡು ಪೂರ್ತಿ ಮುಳುಗ್ಲಿಲ್ಲ. ಆದ್ರೂ ಐದಕ್ಕೆ ಎರಡೂವರೆ ಸ್ಟಾರ್‌ಗಿಂತ ಜಾಸ್ತಿ ಕೊಡೋಕೆ ಮನಸ್ಸು ಬರ್ತಿಲ್ಲ, ಅದ್ರಲ್ಲೂ ಆ ಅರ್ಧ ಸ್ಟಾರ್ ಮೂರನೇ ಸಲ ಬಂದ ಟೆಕ್ನಿಷಿಯನ್‌ಗೆ, ವಾರಂಟಿ ಕಂಪನಿಗಲ್ಲ.

ನಮ್ದು ಫ್ರಂಟ್ ಲೋಡ್ ಮಷಿನ್. ಮುಂದ್ಗಡೆ ದೊಡ್ಡದಾಗಿ ಮೋಟರ್‌ಗೆ 10 ವರ್ಷ ವಾರಂಟಿ ಅಂತ ಸ್ಟಿಕರ್ ಇತ್ತು, ಅದನ್ನ ನೋಡಿ ಇಡೀ ಮಷಿನ್‌ಗೇ ಹತ್ತು ವರ್ಷ ಅಂದ್ಕೊಂಡಿದ್ದೆ ನಾನು. ಅದು ಮೋಟರ್ ಒಂದಕ್ಕೇ, ಮಿಕ್ಕಿದ್ದಕ್ಕೆಲ್ಲ 2 ವರ್ಷ ಅಷ್ಟೇ. ವಿಷ್ಯ ಗೊತ್ತಾದ್ಮೇಲೆ ತಗೊಳ್ಳೋವಾಗ್ಲೇ ಇನ್ನೂ 3 ವರ್ಷದ ಎಕ್ಸ್‌ಟೆಂಡೆಡ್ ಮಾಡಿಸ್ಬಿಟ್ವಿ. ಬಿಲ್ ಮಾಡೋ ಹುಡ್ಗ "ಏನೇ ಆದ್ರೂ ಹೊಸದೇ ಕೊಡ್ತಾರೆ ಮೇಡಂ" ಅಂದ. ಪೇಪರ್ ಮೇಲೆ ಎಲ್ಲೂ ಹಾಗೆ ಇರ್ಲಿಲ್ಲ, ನಾವು ಓದಿದ್ರೆ ತಾನೆ.

3 ವರ್ಷ 8 ತಿಂಗಳಾದ್ಮೇಲೆ ಸ್ಪಿನ್ ಆಗುವಾಗ ಗುರ್ ಅಂತ ಸೌಂಡ್ ಶುರು ಆಯ್ತು, ಮೊದಮೊದಲು ಬಟ್ಟೆ ಜಾಸ್ತಿ ಹಾಕಿದೀನೇನೋ ಅಂತ ಸುಮ್ನಿದ್ದೆ, ಒಂದು ವಾರದಲ್ಲಿ ಪಕ್ಕದ ರೂಮಲ್ಲಿ ಫೋನಲ್ಲಿ ಮಾತಾಡೋಕೂ ಆಗದಷ್ಟು ಜೋರಾಯ್ತು. ಬಾಗಿಲು ತೆಗ್ದು ಡ್ರಮ್ಮಿನ ಅಂಚು ಹಿಡ್ಕೊಂಡು ಮೇಲೆ ಕೆಳಗೆ ಅಲ್ಲಾಡಿಸಿದ್ರೆ ಲೊಡಲೊಡ ಅಂತಿತ್ತು. ನಿಮ್ಮನೇಲೂ ಹೀಗೆ ಸೌಂಡ್ ಬಂದ್ರೆ ಇದನ್ನ ಮಾಡಿ ನೋಡಿ, ಹೊರಗಿನ ಟಬ್ ಅಲ್ಲಾಡದೆ ಒಳಗಿನ ಡ್ರಮ್ ಮಾತ್ರ ಲೊಡಕ್ ಅಂತಿದ್ರೆ ಹೆಚ್ಚುಕಮ್ಮಿ ಬೇರಿಂಗ್, ಅಂದ್ರೆ ಡ್ರಮ್ ಸಲೀಸಾಗಿ ತಿರುಗೋ ಹಂಗೆ ಹಿಡ್ಕೊಂಡಿರೋ ಪಾರ್ಟು, ಹೋಗಿದೆ ಅಂತಾನೇ.

ಕಂಪ್ಲೇಂಟ್ ಕೊಟ್ಟೆ. ಮೊದ್ಲು ಬಂದೋನು ಮಷಿನ್ ಕಾಲು ತಿರುಗಿಸಿ ಲೆವೆಲ್ ಮಾಡ್ದ, ಬಟ್ಟೆ ಕಮ್ಮಿ ಹಾಕಿ ಅಂದ, ಹೋದ. ಹೋದ ಪುಟ್ಟ ಬಂದ ಪುಟ್ಟ ಅಷ್ಟೇ. ಮತ್ತೆ ಕಂಪ್ಲೇಂಟ್ ಮಾಡಿದ್ಮೇಲೆ ಇನ್ನೊಬ್ಬ ಬಂದು ಹಿಂದಿನ ಕವರ್ ಬಿಚ್ಚಿದ. ಟಬ್ಬಿನ ಮಧ್ಯದಿಂದ ಕೆಳಗಡೆ ತನಕ ಕಂದು ಬಣ್ಣದ ನೀರು ಇಳಿದಿರೋ ಗೆರೆ ಇತ್ತು, ಗ್ರೀಸ್ ತುಕ್ಕು ಎರಡೂ ಸೇರಿ ಒಣಗಿರೋದು. ಫೋಟೋ ತೆಗ್ದ, ಜಾಬ್ ಶೀಟಲ್ಲಿ ಏನೋ ಗೀಚಿ ಸೈನ್ ಹಾಕಿ ಮೇಡಂ ಅಂದ, ನಾನು ಸ್ಟೌವ್ ಮೇಲೆ ಏನೋ ಇಟ್ಟಿದ್ದೆ, ಓದ್ದೇ ಸೈನ್ ಹಾಕ್ಬಿಟ್ಟೆ. ನನ್ನ ಇಡೀ ತಲೆನೋವು ಅಲ್ಲಿಂದ ಶುರು.

ಎರಡು ದಿನಕ್ಕೆ ಮೆಸೇಜ್ ಬಂತು, ಕ್ಲೇಮ್ ರಿಜೆಕ್ಟ್. ಕಾರಣ ತುಕ್ಕು. ಆಗ ಪ್ಲಾನ್ ಪೇಪರ್ ತೆಗ್ದು ಕೂತ್ಕೊಂಡು ಓದಿದೆ. ಏನೇನು ಕೊಡ್ತೀವಿ ಅನ್ನೋದು ಅರ್ಧ ಪುಟ, ಏನೇನು ಕೊಡಲ್ಲ ಅನ್ನೋದು ಎರಡೂವರೆ ಪುಟ. ತುಕ್ಕು, ಇಲಿ ಕಡಿದಿದ್ದು, ಕರೆಂಟ್ ಏರುಪೇರು, ಬಾಗಿಲಿನ ರಬ್ಬರ್, ಪೈಪು, ಸವೆದು ಹೋಗಿದ್ದು ಎಲ್ಲಾ ಹೊರಗೆ. ಸವೆದು ಹೋಗಿದ್ದು ಅನ್ನೋ ಒಂದು ಪದ ಸಾಕಲ್ವಾ, ಮೂರು ನಾಲ್ಕು ವರ್ಷ ಓಡಿರೋ ಮಷಿನ್‌ನಲ್ಲಿ ಸವೆಯದೇ ಇರೋದು ಏನಿದೆ ಹೇಳಿ.

ನಮ್ಮನೆಯವ್ರು ಬಿಟ್ಟಾಕು ಅಂದ್ರು. ನಾನು ಬಿಡ್ಲಿಲ್ಲ. ಇದು ಆಗೋದು ಹೆಂಗೆ ಅಂದ್ರೆ, ಡ್ರಮ್ ತಿರುಗಿಸೋ ಕಂಬಿ, ಅಂದ್ರೆ ಶಾಫ್ಟ್, ಅದರ ಸುತ್ತ ಒಂದು ರಬ್ಬರ್ ಸೀಲ್ ಇರತ್ತೆ, ಟಬ್ಬಲ್ಲಿರೋ ನೀರು ಬೇರಿಂಗ್ ಕಡೆ ಹೋಗದಂಗೆ ತಡೆಯೋದು ಅದೇ. ಆ ಸೀಲ್ ಹೋದ್ರೆ ಸೋಪಿನ ನೀರು ಬೇರಿಂಗ್ ಒಳಗೆ ಹೋಗತ್ತೆ, ಗ್ರೀಸ್ ತೊಳ್ಕೊಂಡು ಹೋಗತ್ತೆ, ಆಮೇಲೆ ತುಕ್ಕು. ಅಂದ್ರೆ ಮೊದ್ಲು ಹಾಳಾಗಿದ್ದು ಸೀಲು, ತುಕ್ಕು ಹಿಡಿದಿದ್ದು ಅದರಿಂದ. ಇದನ್ನೇ ಮೇಲ್‌ನಲ್ಲಿ ಬರ್ದು, ನಾನೇ ತೆಗೆದ ಫೋಟೋ ಹಾಕಿ, ಇನ್ನೊಂದ್ಸಲ ಇನ್ಸ್‌ಪೆಕ್ಷನ್ ಮಾಡ್ಸಿ ಅಂತ ಕೇಳ್ದೆ. ಬಂದ ಮೂರನೆಯವರಿಗೆ ಸ್ವಲ್ಪ ವಯಸ್ಸಾಗಿತ್ತು, ಡ್ರಮ್ ಕೈಲಿ ಒಂದು ಸುತ್ತು ತಿರುಗಿಸಿದ ತಕ್ಷಣ "ಸೀಲ್ ಹೋಗಿದೆ ಅಲ್ವಾ ಇದು" ಅಂದ್ರು. ಜಾಬ್ ಶೀಟಲ್ಲಿ ಶಾಫ್ಟ್ ಸೀಲ್ ಫೇಲ್, ಬೇರಿಂಗ್ ಡ್ಯಾಮೇಜ್ ಅಂತ ಬರೆದ್ರು. ತುಕ್ಕು ಅನ್ನೋ ಪದವೇ ಇಲ್ಲ. ಅದೇ ಮಷಿನ್, ಅದೇ ಗೆರೆ, ಆದ್ರೆ ಈ ಸಲ ಕ್ಲೇಮ್ ಪಾಸ್.

ಸೋ ದಯವಿಟ್ಟು ಜಾಬ್ ಶೀಟ್ ಓದ್ದೇ ಸೈನ್ ಹಾಕ್ಬೇಡಿ. ಆಫೀಸಲ್ಲಿ ಕೂತೋರು ಯಾರೂ ನಿಮ್ಮ ಮಷಿನ್ ನೋಡಲ್ಲ, ಆ ಶೀಟಲ್ಲಿರೋ ಎರಡು ಮೂರು ಪದ ನೋಡ್ತಾರೆ ಅಷ್ಟೇ. ತಪ್ಪು ಅನ್ಸಿದ್ರೆ ಸೈನ್ ಪಕ್ಕದಲ್ಲೇ ನಾನು ಒಪ್ಪಲ್ಲ ಅಂತ ಬರೀರಿ, ಫೋಟೋ ತೆಗೆದಿಟ್ಕೊಳಿ.

ಪಾಸ್ ಆಯ್ತು ಅಂದ್ರೆ ಹೊಸ ಮಷಿನ್ ಬಂತು ಅಂದ್ಕೋಬೇಡಿ, ಮೊದ್ಲು ರಿಪೇರಿನೇ. ಇಲ್ಲೊಂದು ಮಜಾ ಇದೆ. ಬೇರಿಂಗ್ ಅಂದ್ರೆ ಅಂಗೈಯಲ್ಲಿ ಹಿಡಿಯೋ ಸಣ್ಣ ಪಾರ್ಟು, ಅಂಥಾ ದುಬಾರಿನೂ ಅಲ್ಲ. ಆದ್ರೆ ಈಗಿನ ಎಷ್ಟೋ ಮಷಿನ್‌ಗಳಲ್ಲಿ ಹೊರಗಿನ ಪ್ಲಾಸ್ಟಿಕ್ ಟಬ್ಬಿನ ಎರಡು ಹೋಳನ್ನ ಸ್ಕ್ರೂ ಹಾಕಿ ಜೋಡಿಸಿರಲ್ಲ, ವೆಲ್ಡ್ ಮಾಡ್ಬಿಟ್ಟಿರ್ತಾರೆ. ಬಿಚ್ಚೋಕಾಗಲ್ಲ. ಬೇರಿಂಗ್ ಹೋದ್ರೆ ಡ್ರಮ್ ಸಮೇತ ಇಡೀ ಟಬ್ಬೇ ಹೊಸದು ಹಾಕ್ಬೇಕು. ಆ ಟಬ್ ಸ್ಟಾಕ್ ಇಲ್ಲ ಅಂತ ಕಾಯಿಸಿದ್ರು ಕಾಯಿಸಿದ್ರು, ಬಕೆಟ್‌ನಲ್ಲಿ ಒಗೆದು ಒಗೆದು ನನ್ನ ಬೆರಳೆಲ್ಲ ಸುಲಿದು ಹೋಯ್ತು. ಪೇಪರ್‌ನ ಏಳನೇ ಪುಟದಲ್ಲಿ 30 ದಿನದಲ್ಲಿ ಪಾರ್ಟ್ ಸಿಗ್ಲಿಲ್ಲ ಅಂದ್ರೆ ರಿಪ್ಲೇಸ್ ಅಂತ ಒಂದು ಸಾಲಿತ್ತು, 31ನೇ ದಿನ ಬೆಳಿಗ್ಗೆನೇ ಅದನ್ನ ಮಾರ್ಕ್ ಮಾಡಿ ಕಳಿಸ್ದೆ. ನಾನಾಗೇ ಕೇಳಿಲ್ಲ ಅಂದಿದ್ರೆ ಅವರಾಗೇ ಹೇಳ್ತಿದ್ರು ಅಂತ ನಂಗಂತೂ ಅನ್ಸಲ್ಲ. ಇನ್ನೊಂದು ದಾರಿನೂ ಇದೆ, ರಿಪೇರಿ ಖರ್ಚು ವಸ್ತುವಿನ ಈಗಿನ ಬೆಲೆಗಿಂತ ಜಾಸ್ತಿ ಆಗತ್ತೆ ಅಂದ್ರೆ ಅವ್ರೇ ಬಿಇಆರ್ (ರಿಪೇರಿ ಮಾಡ್ಸಿದ್ರೆ ಗಿಟ್ಟಲ್ಲ ಅನ್ನೋದಕ್ಕೆ ಇಂಗ್ಲಿಷ್ ಶಾರ್ಟ್ ಫಾರ್ಮ್) ಅಂತ ಬರ್ದು ರಿಪೇರಿ ಕೈಬಿಡ್ತಾರೆ.

ಈಗಿನ ಬೆಲೆ ಅಂದ್ನಲ್ಲ, ನಮ್ಗೆ ಏಟು ಬಿದ್ದಿದ್ದೇ ಅಲ್ಲಿ. ನಮ್ಮ ಪ್ಲಾನಲ್ಲಿ ನಾಲ್ಕನೇ ವರ್ಷಕ್ಕೆ 40% ಕಟ್. ಬಿಲ್ಲಲ್ಲಿರೋ ರೇಟಿನ 60% ಮಾತ್ರ, ಅದೂ ವೋಚರ್, ತಗೊಂಡ ಅಂಗಡೀಲೇ ಬಳಸ್ಬೇಕು, ಹಳೇ ಮಷಿನ್ ಅವ್ರೇ ತಗೊಂಡು ಹೋಗ್ತಾರೆ. ನಮ್ಮ ಮಾಡೆಲ್ ಬರೋದೇ ನಿಂತಿತ್ತು, ಅದೇ ಸೈಜಿಂದು ಹೊಸದು ತಗೋಬೇಕು ಅಂದ್ರೆ ಮಿಕ್ಕಿದ್ದು ಕೈಯಿಂದ. ಹಳೇ ಸ್ಟ್ಯಾಂಡ್ ಹೊಸ ಮಷಿನ್‌ಗೆ ಕೂರ್ಲಿಲ್ಲ, ಅದೂ ಹೊಸದು. ಕೆಲವು ಪ್ಲಾನ್‌ನಲ್ಲಿ ಕಟ್ ಇಲ್ದೇ ಅದೇ ಥರದ ಮಾಡೆಲ್ ಕೊಡ್ತಾರೆ, ಇನ್ನು ಕೆಲವ್ರು ಬಳಸಿ ರಿಪೇರಿ ಮಾಡಿರೋ ಪೀಸ್ ಕೊಟ್ಟು ಇದೇ ರಿಪ್ಲೇಸ್ಮೆಂಟ್ ಅಂತಾರೆ, ಅದಕ್ಕೆ ದುಡ್ಡು ಕೊಡೋ ಮುಂಚೆ ಒಂದೇ ಪ್ರಶ್ನೆ ಕೇಳಿ, ರಿಪ್ಲೇಸ್ ಅಂದ್ರೆ ವಸ್ತುನಾ, ವೋಚರಾ, ಎಷ್ಟು ಪರ್ಸೆಂಟು. ಬಾಯಲ್ಲಿ ಹೇಳಿದ್ರೆ ನಂಬ್ಬೇಡಿ, ಪುಟ ತೋರ್ಸು ಅನ್ನಿ.

ಫ್ರಿಡ್ಜ್ ಇರೋರಿಗೆ ಒಂದು ಮಾತು, ಕಂಪ್ರೆಸರ್ 10 ವರ್ಷ ಅಂತ ಬರೆದಿದ್ರೂ ಗ್ಯಾಸ್ ತುಂಬೋದು, ಲೇಬರ್ ಎಲ್ಲಾ ಅದ್ರಲ್ಲಿ ಸೇರಿದ್ಯಾ ನೋಡ್ಕೊಳಿ, ಎಷ್ಟೋ ಕಡೆ ಸೇರಿರಲ್ಲ. ಇಂಥಾದ್ದಕ್ಕೆ ಎಕ್ಸ್‌ಟೆಂಡೆಡ್ ಸ್ವಲ್ಪ ಉಪಯೋಗಕ್ಕೆ ಬರತ್ತೆ. ಮಿಕ್ಸಿ, ಐರನ್ ಬಾಕ್ಸ್‌ಗೆಲ್ಲ ಬೇಡ್ವೇ ಬೇಡ, ಆ ದುಡ್ಡು ಹಾಗೇ ಎತ್ತಿಡಿ.

ಇಷ್ಟೆಲ್ಲ ಆದ್ರೂ ಪ್ಲಾನ್‌ಗೆ ಕೊಟ್ಟಿದ್ದಕ್ಕಿಂತ ಜಾಸ್ತಿನೇ ವಾಪಸ್ ಬಂತು, ಇಲ್ಲ ಅನ್ನಲ್ಲ. ಆದ್ರೆ ವೋಚರ್ ಕೊಟ್ಟ ದಿನವೇ ಪ್ಲಾನ್ ಕ್ಲೋಸ್ ಅಂತೆ, ಇನ್ನೂ 14 ತಿಂಗಳು ಬಾಕಿ ಇತ್ತು, ಅದು ಹೊಸ ಮಷಿನ್‌ಗೂ ಬರಲ್ಲ, ದುಡ್ಡೂ ವಾಪಸ್ ಇಲ್ಲ ಅಂತ ಫೋನಲ್ಲಿ ಹೇಳಿದ್ರು. ಯಾವ ಪುಟದಲ್ಲಿದೆ ತೋರಿಸಿ ಅಂತ ಮೇಲ್ ಹಾಕಿದೀನಿ. ನಿಮ್ಮ ಮೇಲ್ ತಲುಪಿದೆ ಅಂತ ಆಟೋ ರಿಪ್ಲೈ ಬಂದಿದೆ, ಅದಾದ್ಮೇಲೆ ಏನೂ ಬಂದಿಲ್ಲ.