ಮೀನಿನ ಜೋಡಿ ಜೀನ್‌ಗಳನ್ನು ಅಳೆಯಲು ಸೈಬರ್ ಗ್ರೀನ್, ಪ್ರೋಬ್, ಸೀಕ್ವೆನ್ಸಿಂಗ್: ಯಾವುದು ಯಾವಾಗ?

ಮಂಗಳೂರಿನ ಮೀನುಗಾರಿಕೆ ಕಾಲೇಜಿನಿಂದ ಮುಂಬೈಗೆ ಓದಲು ಬಂದವರು, ಮೀನಿನ ರೋಗನಿರೋಧಕ ಜೀನ್‌ಗಳ ಕೆಲಸ ಹಿಡಿದ ಕೂಡಲೇ ಒಂದು ಪ್ರಶ್ನೆ ಕೇಳುತ್ತಾರೆ. ಒಂದೇ ಜೀನ್‌ಗೆ ಎರಡು ಪ್ರತಿ ಇದ್ದರೆ, ಯಾವ ಪ್ರತಿ ಎಷ್ಟು ಕೆಲಸ ಮಾಡುತ್ತಿದೆ ಅಂತ ತಿಳಿಯೋದು ಹೇಗೆ? ಜೀನ್‌ನ ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ಬದಲಿಸಿ, ಅದನ್ನು ನಕಲು ಮಾಡುತ್ತಾ ಹೊಳಪಿನಿಂದ ಅಳೆಯೋದು ಕ್ಯೂಪಿಸಿಆರ್. ಅದರಲ್ಲಿ ಹೊಳೆಯುವ ಬಣ್ಣ ಸೈಬರ್ ಗ್ರೀನ್ ಆಗಿರಬಹುದು, ಇಲ್ಲವೇ ಒಂದು ಪ್ರತಿಗಷ್ಟೇ ಅಂಟುವ, ಬಣ್ಣ ಕಟ್ಟಿದ ಡಿಎನ್‌ಎ ತುಂಡು, ಅಂದರೆ ಪ್ರೋಬ್ ಆಗಿರಬಹುದು. ಮೂರನೆಯದು ಆರ್‌ಎನ್‌ಎಗಳನ್ನೆಲ್ಲ ಓದಿ ಎಣಿಸುವ ಸೀಕ್ವೆನ್ಸಿಂಗ್. ಮೂರು ವಿಧಾನಗಳನ್ನೂ ಇಲ್ಲಿ ಬಳಸಿ ನೋಡಿದ್ದೇನೆ. ಮೊದಲು ಜೋಡಿಯ ವಯಸ್ಸು ನೋಡಿ, ಆಮೇಲೆ ವಿಧಾನ ಆರಿಸಿ ಅನ್ನುತ್ತೇನೆ.

ಮೂಳೆ ಮೀನುಗಳ ಪೂರ್ವಜರಲ್ಲಿ 30 ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಇಡೀ ಜೀನೋಮ್ ದುಪ್ಪಟ್ಟಾಯಿತು. ಜೀಬ್ರಾಫಿಶ್‌ನ ಎಷ್ಟೋ ಜೋಡಿಗಳು ಆ ಕಾಲದವು. ಸಾಮಾನ್ಯ ಗೆಂಡೆಯ (ಕಾಮನ್ ಕಾರ್ಪ್) ವಂಶದಲ್ಲಿ ಸುಮಾರು 1 ಕೋಟಿ ವರ್ಷದ ಹಿಂದೆ ಅದು ಮತ್ತೊಮ್ಮೆ ಆಯಿತು. ಜೀಬ್ರಾಫಿಶ್‌ಗೆ 50 ಕ್ರೋಮೋಸೋಮ್, ಗೆಂಡೆಗೆ 100. ಹಾಗಾಗಿ ಗೆಂಡೆಯ ಹೊಸ ಜೋಡಿಗಳು ಅವಳಿ ಮಕ್ಕಳ ಹಾಗೆ, ಗುರುತು ಹಿಡಿಯೋದೇ ಕಷ್ಟ.

ಜೀಬ್ರಾಫಿಶ್‌ಗೆ ಸೈಬರ್ ಗ್ರೀನ್ ಸಾಕು. ಇಂಟರ್‌ಫೆರಾನ್ ಸಂದೇಶವನ್ನು ಕೋಶಕೇಂದ್ರಕ್ಕೆ ಒಯ್ಯುವ ಸ್ಟ್ಯಾಟ್1ಎ, ಸ್ಟ್ಯಾಟ್1ಬಿ ಜೋಡಿಗೆ ಬೇರೆ ಬೇರೆ ಪ್ರೈಮರ್ (ನಕಲು ಶುರು ಮಾಡಿಸುವ ಚಿಕ್ಕ ಡಿಎನ್‌ಎ ತುಂಡು) ಸಲೀಸಾಗಿ ಸಿಗುತ್ತದೆ. ಖರ್ಚೂ ಕಡಿಮೆ.

ಗೆಂಡೆಯಲ್ಲಿ ಮಾತ್ರ ಇದೇ ಸೈಬರ್ ಗ್ರೀನ್ ಅಪಾಯಕಾರಿ. ಈ ಬಣ್ಣ ಯಾವ ಜೋಡಿ ಎಳೆಯ ಡಿಎನ್‌ಎ ಸಿಕ್ಕರೂ ಹೊಳೆಯುತ್ತದೆ. ಪ್ರೈಮರ್ ಎರಡೂ ಪ್ರತಿಗಳಿಗೆ ಅಂಟಿದರೆ ನಮಗೆ ಸಿಗೋದು ಮೊತ್ತ. ಒಂದು ಏರಿ ಇನ್ನೊಂದು ಇಳಿದಿದ್ದರೆ 'ಬದಲಾವಣೆ ಇಲ್ಲ' ಅಂತ ಕಾಣುತ್ತದೆ! ನಕಲಾದ ಡಿಎನ್‌ಎ ಯಾವ ಉಷ್ಣತೆಯಲ್ಲಿ ಬಿಚ್ಚಿಕೊಳ್ಳುತ್ತದೆ ಅಂತ ತೋರಿಸುವ ಮೆಲ್ಟ್ ಕರ್ವ್‌ನಲ್ಲಿ ಒಂದೇ ಶಿಖರ ಬಂತು ಅಂತ ನೆಮ್ಮದಿಯಾಗಬೇಡಿ. ಎರಡೂ ಪ್ರತಿಗಳ ತುಂಡಿನ ಉದ್ದವೂ ಬೇಸ್‌ಗಳ (ಡಿಎನ್‌ಎ ಅಕ್ಷರಗಳ) ಲೆಕ್ಕವೂ ಹತ್ತಿರವಿದ್ದರೆ ಎರಡು ಶಿಖರ ಒಂದಾಗಿಬಿಡುತ್ತವೆ. ಪ್ರೈಮರ್‌ನ 3' ತುದಿಯನ್ನು (ನಕಲು ಮುಂದುವರಿಯುವ ತುದಿ) ಎರಡೂ ಪ್ರತಿಗಳು ಬೇರೆಯಾಗುವ ಬೇಸ್ ಮೇಲೇ ಕೂರಿಸಿ. ಒಂದೊಂದು ಪ್ರತಿಯನ್ನೂ ಬೇರೆ ಬೇರೆ ಪ್ಲಾಸ್ಮಿಡ್‌ಗೆ (ಉಂಗುರದಂಥ ಚಿಕ್ಕ ಡಿಎನ್‌ಎ) ಸೇರಿಸಿಟ್ಟುಕೊಂಡು, ಎ ಪ್ರೈಮರ್ ಬಿ ಪ್ಲಾಸ್ಮಿಡ್ ಮೇಲೆ ಸುಮ್ಮನಿರುತ್ತದೆಯೇ ಅಂತ ನೋಡಿ. ಈ ಪರೀಕ್ಷೆ ಇಲ್ಲದ ಅಂಕಿಗಳನ್ನು ನಾನು ನಂಬುವುದಿಲ್ಲ.

ಇಷ್ಟು ತಲೆಕೆಡಿಸಿಕೊಳ್ಳೋದು ಯಾಕೆ ಅಂದರೆ, ಉರಿಯೂತ ತಗ್ಗಿಸುವ ಐಎಲ್-10 ನೋಡಿ. ಗೆಂಡೆಯಲ್ಲಿ ಅದರ ಎರಡೂ ಪ್ರೋಟೀನ್‌ಗಳು ಮಾಡುವ ಕೆಲಸ ಒಂದೇ. ಆದರೆ ಮೀನಿನ ದೇಹದಲ್ಲಿ ಅವುಗಳ ನಿಯಂತ್ರಣ ಬೇರೆ ಬೇರೆ. ಮೊತ್ತ ಮಾತ್ರ ಅಳೆದರೆ ಈ ವ್ಯತ್ಯಾಸವೇ ಕಾಣೋದಿಲ್ಲ, ಅಲ್ವಾ?

ಇಂಥ ಜೋಡಿಗೆ ನನ್ನ ಆಯ್ಕೆ ಪ್ರೋಬ್. ಡಿಎನ್‌ಎಗೆ ಗಟ್ಟಿಯಾಗಿ ಅಂಟಿಸುವ ಅಣುವನ್ನು ಜೋಡಿಸಿರುವ ಎಂಜಿಬಿ ಪ್ರೋಬ್ ಒಂದೇ ಬೇಸ್ ವ್ಯತ್ಯಾಸವನ್ನೂ ಹಿಡಿಯಬಲ್ಲದು. ಎರಡು ಬಣ್ಣ ಹಾಕಿದರೆ ಒಂದೇ ಟ್ಯೂಬ್‌ನಲ್ಲಿ ಎರಡೂ ಪ್ರತಿಗಳನ್ನು ನೋಡಬಹುದು. ದುಬಾರಿ, ನಿಜ. ಒಂದೇ ಒಂದು ಜೋಡಿಗಾದರೆ ಖರ್ಚು ಮಾಡಿ, ಹತ್ತಾರು ಜೀನ್‌ಗಳಿಗೆ ಬೇಡ.

ಸೀಕ್ವೆನ್ಸಿಂಗ್ ಎಲ್ಲ ಜೀನ್‌ಗಳನ್ನೂ ಒಟ್ಟಿಗೆ ತೋರಿಸುತ್ತದೆ, ನಾವು ಹುಡುಕದೇ ಇದ್ದ ಪ್ರತಿಗಳನ್ನೂ ಸಹ. ಆದರೆ 150 ಬೇಸ್‌ನ ಚಿಕ್ಕ ತುಣುಕು ಎರಡೂ ಪ್ರತಿಗಳಿಗೆ ಹೊಂದಿದರೆ, ಎಚ್‌ಟಿಸೆಕ್‌ನಂಥ ಎಣಿಕೆ ಸಾಫ್ಟ್‌ವೇರ್ ಮಾಮೂಲಿ ಸೆಟ್ಟಿಂಗ್‌ನಲ್ಲಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಜಾಸ್ತಿ ಹೋಲುವ ಜೋಡಿಗೇ ಜಾಸ್ತಿ ನಷ್ಟ. ಸಾಲ್ಮನ್, ಕ್ಯಾಲಿಸ್ಟೋ ಎಂಬ ಸಾಫ್ಟ್‌ವೇರ್‌ಗಳು ಅಂಥ ತುಣುಕುಗಳನ್ನು ಎರಡೂ ಪ್ರತಿಗಳ ನಡುವೆ ಅಂದಾಜಿನ ಮೇಲೆ ಹಂಚುತ್ತವೆ. ಗೆಂಡೆಗೆ ಅವೇ ವಾಸಿ.

ಮಾದರಿ ಚೆನ್ನಾಗಿಲ್ಲದಿದ್ದರೆ ಮೂರೂ ವಿಧಾನ ವ್ಯರ್ಥ. ವರ್ಸೋವಾ ಮಾರ್ಕೆಟ್‌ನ ಮೀನು ಊಟಕ್ಕೆ ಎಷ್ಟೇ ತಾಜಾ ಇರಲಿ, ಆರ್‌ಎನ್‌ಎ ತೆಗೆಯಲು ತಡವಾಗಿರುತ್ತದೆ. ಟ್ಯಾಂಕಿನ ಮೀನಿನಿಂದ ಹೆಡ್ ಕಿಡ್ನಿ (ಮೂತ್ರಪಿಂಡದ ಮುಂಭಾಗ), ಗುಲ್ಮ ತೆಗೆದ ತಕ್ಷಣ ಸಂರಕ್ಷಕ ದ್ರಾವಣಕ್ಕೆ ಹಾಕಿ. ಹೋಲಿಕೆಗೆ ಬೇಕಾದ, ಸಾಮಾನ್ಯವಾಗಿ ಬದಲಾಗದ ಜೀನ್ ಅಂತ ಬೀಟಾ-ಆಕ್ಟಿನ್ ಒಂದನ್ನೇ ನಂಬದೆ ಇಎಫ್1-ಆಲ್ಫಾವನ್ನೂ ಇಟ್ಟುಕೊಳ್ಳಿ. ಸೋಂಕು ತಗುಲಿಸಿದ ಮೀನಿನಲ್ಲಿ ಆಕ್ಟಿನ್ ಕೂಡ ಏರಿಳಿಯಬಹುದು.

ಗೆಂಡೆಯ ಕೆಲಸ ಈಗಷ್ಟೇ ಶುರು ಮಾಡುವವರು ಕೆಲವೇ ಮಾದರಿಗಳ ಸೀಕ್ವೆನ್ಸಿಂಗ್ ಮಾಡಿಸಿ, ಅದರಲ್ಲಿ ಎದ್ದು ಕಂಡ ಒಂದೋ ಎರಡೋ ಜೋಡಿಗೆ ಪ್ರೋಬ್ ತರಿಸಿಕೊಳ್ಳಿ.