ನೀರು ಚೆನ್ನಾಗಿದೆ, ಒಡ್ಡು ಅಷ್ಟಕ್ಕಷ್ಟೆ: ನಮ್ಮೂರ ಕೆರೆಯ ನೀರು ಪೂರೈಕೆ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ನಮ್ಮೂರಿಗೆ ಕುಡಿಯುವ ನೀರು ಬರುವುದು ಅಜ್ಜಂದಿರ ಕಾಲದ ಮಣ್ಣಿನ ಒಡ್ಡಿರುವ ಒಂದು ಕೆರೆಯಿಂದ. ನಳದ ಮಟ್ಟಿಗೆ ದೂರು ಕಡಿಮೆ. ದಿನ ಬಿಟ್ಟು ದಿನ ನೀರು ಬರುತ್ತದೆ, ವಾಸನೆ ಇಲ್ಲ, ಕೊಳವೆಬಾವಿಯ ಸವಳು ನೀರಿನಲ್ಲಿ ಬೇಯದ ಬೇಳೆ ಇದರಲ್ಲಿ ಬೇಯುತ್ತದೆ. ವರ್ಷಕ್ಕೆ 600 ಮಿ.ಮೀ. ಆಚೀಚೆ ಮಳೆ ಬೀಳುವ ಈ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಕೆರೆ ತುಂಬುವ ಯೋಜನೆಯ ಕಾಲುವೆ ನೀರು ಬರತೊಡಗಿದ ಮೇಲೆ ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವುದೂ ತಪ್ಪಿದೆ.

ನನ್ನ ತಕರಾರು ಇರುವುದು ಆ ನೀರನ್ನು ಹಿಡಿದು ನಿಲ್ಲಿಸಿದ ಒಡ್ಡಿನ ಬಗ್ಗೆ. ಪಂಪ್‌ಹೌಸಿಗೆ ಹೊಸ ಬಣ್ಣ ಬಂದಿದೆ. ಒಡ್ಡಿನ ಮೇಲೆ ಬಳ್ಳಾರಿ ಜಾಲಿ ತೊಡೆಗಾತ್ರಕ್ಕೆ ಬೆಳೆದಿದೆ. ನೀರಿನ ಕಡೆಯ ಇಳಿಜಾರಿನಲ್ಲಿ ಕಲ್ಲುಹಾಸು ಜಾರಿದ ಜಾಗದಲ್ಲಿ ಅಲೆಗಳು ಮಣ್ಣನ್ನು ಮೊಳದೆತ್ತರ ಕೊರೆದಿವೆ. ಟ್ರ್ಯಾಕ್ಟರ್ ದಾಟುವಲ್ಲಿ ಏರಿಯ ನೆತ್ತಿ ತಗ್ಗಾಗಿದೆ. ಇಷ್ಟು ಸಾಲದೆಂಬಂತೆ, ಇನ್ನಷ್ಟು ನೀರು ನಿಲ್ಲಲಿ ಎಂದು, ಹೆಚ್ಚಾದ ನೀರು ಹೊರಹೋಗುವ ಕೋಡಿಗೆ ಅಡ್ಡಲಾಗಿ ಮರಳಿನ ಚೀಲ ಪೇರಿಸಿದ್ದಾರೆ. ಕಲ್ಲಿನ ಅಣೆಕಟ್ಟು ತನ್ನ ಮೇಲೆ ಹರಿದ ನೀರನ್ನು ಸ್ವಲ್ಪ ಹೊತ್ತು ತಾಳಿಕೊಂಡೀತು, ಆದರೆ ಮಣ್ಣಿನ ಒಡ್ಡಿನ ನೆತ್ತಿಯನ್ನು ನೀರು ಒಮ್ಮೆ ದಾಟಿತೆಂದರೆ ಅದೇ ದಾರಿಯನ್ನು ಕೊರೆಯುತ್ತ ಹೋಗುತ್ತದೆ. ಹೀಗಿರುವಾಗ ತಗ್ಗಾದ ನೆತ್ತಿಯೂ ಎತ್ತರಿಸಿದ ಕೋಡಿಯೂ ಒಂದೇ ಕೆರೆಯಲ್ಲಿ ಇರಬಾರದು.

ಒಡ್ಡಿನ ಹಿಂಬದಿಯ ಬುಡದಲ್ಲಿ ಕಡು ಬೇಸಿಗೆಯಲ್ಲೂ ಜೇಕು ಹಸಿರಾಗಿರುತ್ತದೆ, ಅಲ್ಲಿ ಕಾಲಿಟ್ಟರೆ ಹಿಮ್ಮಡಿ ಹೂಳುತ್ತದೆ. ಜಿನುಗುವ ನೀರನ್ನು ಬಾಟಲಿಯಲ್ಲಿ ಹಿಡಿದು ರಾತ್ರಿಯಿಡೀ ಇಟ್ಟು ನೋಡಿದೆ. ತಳದಲ್ಲಿ ಮಣ್ಣು ಕೂರಲಿಲ್ಲ. ಮಣ್ಣಿನ ಒಡ್ಡು ಅಷ್ಟಿಷ್ಟು ಜಿನುಗುವುದು ಸಹಜವೇ. ಆ ನೀರು ರಾಡಿಯಾದರೆ, ಇಲ್ಲವೇ ಕೆರೆಯ ಮಟ್ಟ ಏರದೆಯೂ ಜಿನುಗು ಹೆಚ್ಚಿದರೆ, ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದು ತಿಳಿಯಬೇಕು. ಜಿನುಗನ್ನು ಅಳೆಯಲು, ಆ ನೀರು ಹರಿಯುವ ಚರಂಡಿಗೆ ಅಡ್ಡಲಾಗಿ ಕಿಂಡಿ ಕೊರೆದ ಒಂದು ತಗಡು, ಪಕ್ಕದಲ್ಲಿ ಒಂದು ಅಳತೆಪಟ್ಟಿ ಸಾಕು. ನಮ್ಮಲ್ಲಿ ಅದೂ ಇಲ್ಲ.

ಕೆರೆ ತುಂಬಿಸುವ ರೀತಿಯ ಬಗ್ಗೆಯೂ ಒಂದು ಮಾತು. ನಮ್ಮ ಎರೆಮಣ್ಣು ಒಣಗಿದರೆ ಕೈ ತೂರುವಷ್ಟು ಬಿರಿಯುತ್ತದೆ, ನೆನೆದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಬತ್ತಿದ ಕೆರೆಗೆ ಕಾಲುವೆ ನೀರನ್ನು ಒಮ್ಮೆಲೇ ಬಿಟ್ಟರೆ, ಒಡ್ಡಿನ ಬಿರುಕು ಕೂಡುವ ಮೊದಲೇ ನೀರು ಒಳಹೊಕ್ಕೀತು. ತುಂಬಿಸುವವರು ತುಸು ತಡೆ ತಡೆದು ಬಿಡುವುದು ಒಳ್ಳೆಯದು.

ಮುಹಮ್ಮದ್ ಆದಿಲ್ ಶಾಹ 1651ರಲ್ಲಿ ಕಟ್ಟಿಸಿದ ಬೇಗಂ ತಾಲಾಬಿನಿಂದ ವಿಜಯಪುರಕ್ಕೆ ಮಣ್ಣಿನ ಕೊಳವೆಗಳಲ್ಲಿ ನೀರು ಹೋಗುತ್ತಿದ್ದಾಗ, ಒತ್ತಡಕ್ಕೆ ಕೊಳವೆ ಒಡೆಯದಿರಲೆಂದು ದಾರಿಯುದ್ದಕ್ಕೂ ಗಂಜ್ ಎಂಬ ಗೋಪುರಗಳಿದ್ದವು. ಎಲ್ಲಿ ಕೆಡುತ್ತದೆ ಎಂಬುದನ್ನು ಅವರು ಮೊದಲೇ ಯೋಚಿಸಿದ್ದರು. ಇಂದು 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ದೊಡ್ಡ ಅಣೆಕಟ್ಟುಗಳಿಗೆ ಮುಂಗಾರಿನ ಮೊದಲು ಮತ್ತು ನಂತರದ ತಪಾಸಣೆಯನ್ನು ಕಡ್ಡಾಯ ಮಾಡಿದೆ. ನಮ್ಮಂಥ ಗಿಡ್ಡ ಒಡ್ಡುಗಳು ಅದರ ಲೆಕ್ಕಕ್ಕೆ ಬರುವುದಿಲ್ಲ.

ನೀರಿಗೆ ಐದಕ್ಕೆ ನಾಲ್ಕು ಅಂಕ, ಒಡ್ಡಿಗೆ ಎರಡು. ಕೋಡಿಯ ಚೀಲ ತೆಗೆದು, ನೆತ್ತಿಗೆ ಮಣ್ಣು ಹಾಕಿ ದಮ್ಮಸು ಮಾಡಿದರೆ ಮೂರು ಕೊಡಬಹುದು. ಜಾಲಿಯನ್ನು ಮಾತ್ರ ಬರೀ ಕಡಿದು ಬಿಡಬಾರದು: ಬುಡ ಒಳಗೇ ಕೊಳೆತರೆ ಬೇರಿದ್ದ ಜಾಗ ನೀರಿಗೆ ಕೊಳವೆಯಾಗುತ್ತದೆ. ಕೆರೆ ತಗ್ಗಿದಾಗ ಬೇರುಸಹಿತ ತೆಗೆದು, ಆ ಗುಂಡಿಯನ್ನು ಪದರ ಪದರವಾಗಿ ಗಟ್ಟಿಮಾಡಿ ತುಂಬಬೇಕು.