ಮನೇಲಿ ಟೀಗೆ ಕರೆಯೋದಾದ್ರೆ: ಫುಲ್ ಆಫ್ಟರ್‌ನೂನ್ ಟೀನಾ, ಕ್ರೀಮ್ ಟೀನಾ?

ಇಂಗ್ಲೆಂಡಲ್ಲಿ ಇದ್ದು ಸಾಯಂಕಾಲ ನಾಲ್ಕು ಗಂಟೆಗೆ ಜನನ್ನ ಮನೆಗೆ ಕರೀಬೇಕು ಅಂದ್ರೆ ಈ ಎರಡರಲ್ಲಿ ಒಂದು ಆರಿಸ್ಕೋಬೇಕು. ಫುಲ್ ಆಫ್ಟರ್‌ನೂನ್ ಟೀ ಅಂದ್ರೆ ಮೂರು ಅಂತಸ್ತಿನ ಸ್ಟ್ಯಾಂಡು, ಕೆಳಗೆ ಸ್ಯಾಂಡ್‌ವಿಚ್, ಮಧ್ಯ ಸ್ಕೋನ್ (ಬನ್ನಿನ ತರದ ಸಣ್ಣ ಬೇಕರಿ ತಿಂಡಿ), ಮೇಲೆ ಕೇಕು, 1840ರ ಸುಮಾರಿಗೆ ಬೆಡ್‌ಫರ್ಡ್ ಡಚೆಸ್ ಅನ್ನಾ ರಾತ್ರಿ ಊಟದ ತನಕ ಹಸಿವು ತಡೀಲಾರದೆ ಶುರು ಮಾಡಿದ್ದು ಅಂತಾರೆ. ಕ್ರೀಮ್ ಟೀ ಅಂದ್ರೆ ಸ್ಕೋನ್, ಜಾಮ್, ಕ್ಲಾಟೆಡ್ ಕ್ರೀಮ್ (ಗಟ್ಟಿ ಕೆನೆ), ಟೀ, ಮುಗೀತು.

ಫುಲ್‌ನಲ್ಲಿ ಪ್ರಾಣ ತಿನ್ನೋದು ಸ್ಯಾಂಡ್‌ವಿಚ್ಚೇ. ಸೌತೆಕಾಯಿ ತೆಳ್ಳಗೆ ಹೆಚ್ಚಿ ಉಪ್ಪು ಹಾಕಿ ನೀರು ಬಸೀಬೇಕು, ಬ್ರೆಡ್ಡಿನ ಅಂಚು ಕತ್ತರಿಸ್ಬೇಕು, ಬೇಗ ಮಾಡಿಟ್ರೆ ಮೆತ್ತಗಾಗತ್ತೆ, ತಡ ಮಾಡಿದ್ರೆ ಗೆಸ್ಟ್ ಬಂದಾಗ ನೀವು ಅಡುಗೆಮನೇಲೇ ಇರ್ತೀರ! ಸ್ಕೋನ್ ಹಾಗಲ್ಲ, ಬಿಸಿ ಓವನ್ನಲ್ಲಿ 12-15 ನಿಮಿಷ, ಆದ್ರೆ ಅವತ್ತೇ ತಿನ್ಬೇಕು.

ಮೊಟ್ಟೆ ತಿನ್ನದ ನಮ್ಮೋರು ಬರೋದಾದ್ರಂತೂ ಕ್ರೀಮ್ ಟೀನೇ ಸರಿ, ಸ್ಕೋನ್ ಹಿಟ್ಟಿಗೆ ಮೊಟ್ಟೆ ಹಾಕ್ದೆ, ಮೇಲೆ ಹಾಲು ಸವರಿದ್ರೆ ಆಯ್ತು. ಬರ್ತ್‌ಡೇ ತರ ಏನಾದ್ರೂ ಇದ್ರೆ ಮಾತ್ರ ಫುಲ್ ಮಾಡಿ, ಕೇಕ್ ಅಂಗಡಿಯಿಂದ ತನ್ನಿ, ಯಾರೂ ಬೈಯಲ್ಲ.

ಇಂಗ್ಲೆಂಡಿನ ಡೆವನ್ ಕಡೆಯೋರು ಸ್ಕೋನ್ ಮೇಲೆ ಮೊದ್ಲು ಕ್ರೀಮ್ ಹಚ್ತಾರೆ, ಪಕ್ಕದ ಕಾರ್ನ್‌ವಾಲ್‌ನೋರು ಮೊದ್ಲು ಜಾಮು, ಆ ಜಗಳಕ್ಕೆ ನೀವು ಹೋಗ್ಬೇಡಿ, ಎರಡನ್ನೂ ಬಟ್ಟಲಲ್ಲಿ ಹಾಕಿ ಇಟ್ಬಿಡಿ.